ಅವ್ವ ವೈಡೂರ್ಯಕ್ಕೆ ಸಾಣೆ ಹಿಡಿದ ಮಳೆಗಾಲ

ಮೊನ್ನೆ ನಮ್ಮ ಗದಗಿನ ಶಾಖೆಯಲ್ಲಿ ಒಡವೆಯ ಪೊಟ್ಟಣವೊಂದಕ್ಕೆ ಮುದ್ರೆ ಒತ್ತಲು ಅರಗು ಕಾಯಿಸುತ್ತಿದ್ದರು. ದಿನಾ ಕಾಯಿಸುವ ಅರಗೇ. ಅವತ್ತು ಹೊರಗೆ ಜೋರು ಮಳೆ ಹಿಡಿದಿತ್ತು, ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ಆ ಸುಟ್ಟ ಸಿಹಿ ವಾಸನೆ ಹೊರಗೆ ಹೋಗಲು ದಾರಿ ಸಿಗದೆ ಕೋಣೆಯಲ್ಲೇ ನಿಂತುಬಿಟ್ಟಿತು. ಸಹಿ ಹಾಕುತ್ತಿದ್ದ ನನ್ನ ಕೈಯೂ ನಿಂತಿತು. ಮಳೆ ಮತ್ತು ಅರಗು ಒಟ್ಟಿಗೆ ಬಂದರೆ ನಾನು ಗದಗಿನಲ್ಲಿ ಇರುವುದಿಲ್ಲ. ತಿರುವನಂತಪುರದ ಕರಮನದಲ್ಲಿ, ರಮಣಿ ಚೇಚಿಯ ಹೆಂಚಿನ ಮನೆಯ ಹಿಂಜಗಲಿಯಲ್ಲಿ ಇರುತ್ತೇನೆ. ಅಲ್ಲಿ ನನ್ನ ಅವ್ವ ಮಡಿಲ ಮೇಲೆ ಹಳೆಯ ಟವೆಲು ಹಾಸಿಕೊಂಡು, ತುಟಿ ಬಿಗಿಹಿಡಿದು, ಕಡ್ಡಿಯ ತುದಿಗೆ ಅಂಟಿಸಿದ ಕಲ್ಲನ್ನು ಸಾಣೆಚಕ್ರಕ್ಕೆ ಒತ್ತುತ್ತಿರುತ್ತಾಳೆ.

ಆಗ ನಾನು ಕೊಚ್ಚಿಯಲ್ಲಿದ್ದೆ. ಬ್ಯಾಂಕಿನವರು ಬಡ್ತಿ ಕೊಟ್ಟು ಎಡಪ್ಪಳ್ಳಿಯ ಶಾಖೆಗೆ ಹಾಕಿದ್ದರು. ಕಳಮಶ್ಶೇರಿಯಲ್ಲಿ, ಮೆಟ್ರೋ ಹತ್ತಲು ಐದು ನಿಮಿಷ ನಡೆದರೆ ಸಾಕು ಅನ್ನುವಷ್ಟು ಹತ್ತಿರ, ಎರಡು ಕೋಣೆಯ ಮನೆ ಮಾಡಿದ್ದೆ. ಗಾಳಿ ಏಲೂರಿನ ಕಡೆಯಿಂದ ಬೀಸಿದ ದಿನ ಕಾರ್ಖಾನೆಗಳ ಘಾಟು ಬರುತ್ತಿತ್ತು ಅನ್ನುವುದೊಂದು ಬಿಟ್ಟರೆ ನನಗೆ ಯಾವ ದೂರೂ ಇರಲಿಲ್ಲ. ಎರಡು ವರ್ಷದಲ್ಲಿ ಮಲಯಾಳ ಕಲಿತಿದ್ದೆ. ಭಾನುವಾರ ಬೆಳಿಗ್ಗೆ ಈಜು ಕಲಿಯಲು ಹೋಗುತ್ತಿದ್ದೆ. ವಯಸ್ಸು ಮೂವತ್ತೈದು. ಮದುವೆಯಾಗಿರಲಿಲ್ಲ. ಆಗಬೇಕು ಅಂತ ಅನ್ನಿಸಿಯೂ ಇರಲಿಲ್ಲ. ಅದನ್ನು ಹಾವೇರಿಯಲ್ಲಿದ್ದ ಅವ್ವನಿಗೆ ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ ಆಗಿರಲಿಲ್ಲ. ವರ ಬಂದಾಗಲೆಲ್ಲ ರಜೆಯಿಲ್ಲ, ಆಡಿಟ್ ಇದೆ, ತನಿಖೆ ಇದೆ ಅಂತ ಜಾರಿಕೊಳ್ಳುತ್ತಿದ್ದೆ.

ಆ ವರ್ಷ ಜೂನ್ ಎರಡನೇ ವಾರದಲ್ಲಿ ಅವ್ವ ಬಂದಳು. ಎರ್ನಾಕುಲಂ ನಿಲ್ದಾಣದಲ್ಲಿ ಇಳಿದವಳೇ ಸೆರಗು ತಲೆಗೆಳೆದುಕೊಂಡು ಆಕಾಶ ನೋಡಿದಳು.

"ಏನ್ ಮಳಿನವಾ ಸುಜಿ, ಕಾಸರಗೋಡಿನಾಗ ಸುರು ಆಗಿದ್ದು ಇನ್ನಾ ಮುಗದಿಲ್ಲಲ್ಲ!"

ಮನೆಗೆ ಬಂದು ಚೀಲ ಬಿಚ್ಚಿದಳು. ಕಟಿ ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಖಾರದ ಡಬ್ಬಿ. ಎಲ್ಲದರ ಕೆಳಗಿನಿಂದ ನಾಲ್ಕು ಮಡಿಕೆಯ ಚೀಟಿಯೊಂದು ಬಂತು. ಊರ ಜೋಯಿಸರು ನನ್ನ ಜಾತಕ ನೋಡಿ ಬರೆದುಕೊಟ್ಟದ್ದು. ಕೇತು ಅಡ್ಡ ನಿಂತಿದ್ದಾನೆ, ಆದ್ದರಿಂದ ಕಂಕಣ ಕೂಡಿಬರುತ್ತಿಲ್ಲ, ವೈಡೂರ್ಯದ ಉಂಗುರ ಹಾಕಿಸಬೇಕು, ಕಲ್ಲು ತೂಕದಲ್ಲಿ ಐದು ರತ್ತಿಗೆ ಕಡಿಮೆ ಇರಬಾರದು, ಗೆರೆ ನಟ್ಟನಡುವೆ ಇರಬೇಕು.

"ಇದಕ್ಕಽ ಬಂದೀನಿ," ಅಂದಳು ಅವ್ವ. "ಕಲ್ಲು ಉಂಗುರ ಆಗಿ ನಿನ್ನ ಬಟ್ಟಿಗೆ ಬಿದ್ದ ದಿನಾ ನಾ ಊರಿಗೆ ಹೊಕ್ಕೀನಿ."

ನಾನು ನಕ್ಕೆ. ಒಂದು ಉಂಗುರ ತಾನೇ, ಹಾಕಿಕೊಂಡರಾಯಿತು ಅಂದುಕೊಂಡೆ. ಆ ಕಲ್ಲನ್ನು ಅವ್ವ ಎಷ್ಟು ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ ಅನ್ನುವುದು ನನಗೆ ಗೊತ್ತಾಗಿರಲಿಲ್ಲ.

ಮೊದಲ ಶನಿವಾರ ಎಡಪ್ಪಳ್ಳಿಯ ದೊಡ್ಡ ಮಾಲಿಗೆ ಹೋದೆವು. ಒಡವೆ ಅಂಗಡಿಯ ಹುಡುಗಿ ಅವ್ವನನ್ನು ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿ, ತಟ್ಟೆಯೊಂದರಲ್ಲಿ ನಾಲ್ಕಾರು ಉಂಗುರ ತಂದಿಟ್ಟಳು. ಜೇನಿನ ಬಣ್ಣದ ಕಲ್ಲು, ನಡುವೆ ಸರಳಿನಂಥ ಬಿಳಿ ಗೆರೆ. ತಿರುಗಿಸಿದಂತೆ ಗೆರೆಯೂ ತಿರುಗುತ್ತಿತ್ತು. ನನಗಂತೂ ಬಹಳ ಚೆನ್ನಾಗಿ ಕಂಡಿತು. ಅವ್ವ ಒಂದನ್ನು ಕಣ್ಣಿನ ಹತ್ತಿರ ಹಿಡಿದಳು, ಇನ್ನೊಂದನ್ನು ಹಿಡಿದಳು, ಎರಡನ್ನೂ ತಟ್ಟೆಗೆ ಹಾಕಿದಳು.

"ಇವು ಬಳಿಗಾರನ ಅಂಗಡಿ ಕಲ್ಲು. ಎಲ್ಲಾದ್ರಾಗೂ ಗೆರಿ ಒಂದಽ ನಮೂನಿ ಐತಿ. ದೇವರು ಮಾಡಿದ್ದು ಹಂಗ ಇರಂಗಿಲ್ಲ."

ನಾನು ಮುಜುಗರದಿಂದಲೇ ಅದನ್ನು ಮಲಯಾಳಕ್ಕೆ ತಿರುಗಿಸಿ ಹೇಳಿದೆ. ಒಳಗಿದ್ದ ವಯಸ್ಸಾದ ಮ್ಯಾನೇಜರು ಎದ್ದು ಬಂದರು. ನಗುತ್ತಾ, "ಅಮ್ಮ ಹೇಳಿದ್ದು ಸರಿ. ಇದು ಗಾಜು. ಹುಡುಗಿ ಫ್ಯಾನ್ಸಿ ಒಡವೆಯ ತಟ್ಟೆ ತಂದಿಟ್ಟಿದ್ದಾಳೆ. ನಿಜವಾದ ವೈಡೂರ್ಯ ಈಗ ನಮ್ಮಲ್ಲಿಲ್ಲ," ಅಂದರು. ಆ ಕಲ್ಲು ಸಿಗುವುದೇ ತಿರುವನಂತಪುರದ ಸುತ್ತಿನ ಮಣ್ಣಿನಲ್ಲಿ, ಅಲ್ಲಿ ಕರಮನದಲ್ಲಿ ರಮಣಿ ಅಂತ ಒಬ್ಬರಿದ್ದಾರೆ, ಅಪ್ಪನ ಕಾಲದಿಂದ ವೈಡೂರ್ಯಕ್ಕೆ ಸಾಣೆ ಹಿಡಿಯುವವರು, ಅವರನ್ನು ನೋಡಿ ಅಂತ ವಿಳಾಸ ಬರೆದುಕೊಟ್ಟರು. ಆಮೇಲೆ ಅವ್ವನ ಕಡೆ ಬೆರಳು ತೋರಿಸಿ ನನ್ನನ್ನು ಕೇಳಿದರು, "ಅಮ್ಮ ಎಲ್ಲಿ ಕೆಲಸ ಮಾಡುತ್ತಿದ್ದರು?"

ಅವ್ವ ಎಲ್ಲಿಯೂ ಕೆಲಸ ಮಾಡಿದವಳಲ್ಲ. ಮಾಸ್ತರಾಗಿದ್ದ ನನ್ನ ಅಪ್ಪನ ಮನೆಯಲ್ಲಿ ನಲವತ್ತು ವರ್ಷ ಜೋಳ ಹಸನು ಮಾಡಿದವಳು. ಮೊರದ ಮುಂದೆ ಕೂತರೆ ಜೋಳದ ಬಣ್ಣದ್ದೇ ಹರಳಿದ್ದರೂ ಅವಳ ಬೆರಳು ನೇರವಾಗಿ ಅಲ್ಲಿಗೇ ಹೋಗುತ್ತಿತ್ತು. ಅದನ್ನೇ ಹೇಳಿದೆ. ಮ್ಯಾನೇಜರು ಗಂಭೀರವಾಗಿ ತಲೆಯಾಡಿಸಿದರು.

ಆ ತಿಂಗಳ ನಾಲ್ಕನೇ ಶನಿವಾರ ಬೆಳಗಿನ ರೈಲಿಗೆ ತಿರುವನಂತಪುರಕ್ಕೆ ಹೋದೆವು. ಅಲ್ಲಿ ನನ್ನ ದೊಡ್ಡಪ್ಪನ ಮಗಳು ಸುಮಕ್ಕ ಇದ್ದಳು. ಅವಳ ಗಂಡ ಬಾಹ್ಯಾಕಾಶ ಸಂಸ್ಥೆಯಲ್ಲಿ ವಿಜ್ಞಾನಿ. ಅವರ ಮನೆಯಲ್ಲಿ ಚೀಲ ಇಟ್ಟು ಆಟೋ ಹಿಡಿದು ಕರಮನಕ್ಕೆ ಹೋದೆವು. ಸಣ್ಣ ಓಣಿ, ಪಾಚಿ ಹಿಡಿದ ಗೋಡೆ, ಬಾಳೆಗಿಡಗಳ ಹಿಂದೆ ಹೆಂಚಿನ ಮನೆ. ಬಾಗಿಲು ತೆಗೆದ ಹೆಂಗಸು ಎತ್ತರವಾಗಿದ್ದರು. ಅವ್ವನಿಗಿಂತ ಎರಡು ಮೂರು ವರ್ಷ ದೊಡ್ಡವರಿರಬೇಕು. ಕೇರಳದ ಹೆಂಗಸರು ಉಡುವ ಕೆನೆಬಣ್ಣದ ಸೆಟ್ಟುಮುಂಡು, ಹಣೆಗೆ ಗಂಧ, ಮೂಗಿನಲ್ಲಿ ಒಂದು ಬಿಳಿ ಕಲ್ಲು. ನಾನು "ಚೇಚಿ" ಅಂತ ಮಾತು ಶುರು ಮಾಡಿದೆ. ಅಕ್ಕ ಅನ್ನುವುದಕ್ಕೆ ಅಲ್ಲಿಯವರು ಹಾಗೆ ಅನ್ನುತ್ತಾರೆ. ಅವ್ವ ಅದೇ ಅವರ ಹೆಸರು ಅಂದುಕೊಂಡಳು. ಗೌರವಕ್ಕೆ ತನ್ನದೊಂದು 'ಅವ್ವ' ಸೇರಿಸಿ, "ಆರಾಮ ಇದ್ದೀರೇನ್ರೀ ಚೇಚವ್ವಾ?" ಅಂದಳು. ರಮಣಿ ಚೇಚಿಗೆ ಕನ್ನಡ ಬಾರದಿದ್ದರೂ ಆ ಹೆಸರು ಹಿಡಿಸಿತು. ಇವತ್ತಿಗೂ ಅವರು ಅವ್ವನಿಗೆ ಚೇಚವ್ವನೇ.

ಹಿಂಜಗಲಿಯಲ್ಲಿ ಅವರ ಕೆಲಸದ ಜಾಗ. ಎರಡು ಸಾಣೆಚಕ್ರ, ಒಂದು ಸ್ಟೋವು, ಅರಗಿನ ಬಟ್ಟಲು, ಪೆನ್ಸಿಲಿನಷ್ಟುದ್ದದ ಕಡ್ಡಿಗಳು. ಚೇಚಿ ಒಂದು ಬೋಗುಣಿಯಲ್ಲಿ ನೀರು ಹಾಕಿ, ಒಂದು ಮುಷ್ಟಿ ಕಚ್ಚಾ ಕಲ್ಲು ಸುರಿದರು. ಬೆಲ್ಲದ ಚೂರಿನ ಹಾಗೆ ಕಂಡವು, ಅಷ್ಟೇ. ಒಂದನ್ನು ಎತ್ತಿ ದೀಪಕ್ಕೆ ಹಿಡಿದು ನಿಧಾನವಾಗಿ ತಿರುಗಿಸಿ ವಿವರಿಸಿದರು. ಕಲ್ಲಿನೊಳಗೆ ಕೂದಲಿಗಿಂತ ಸಣ್ಣ ಎಳೆಗಳು ಒಂದೇ ದಿಕ್ಕಿನಲ್ಲಿ ಮಲಗಿರುತ್ತವೆ. ಬೆಳಕು ಬಿದ್ದಾಗ ಆ ಎಳೆಗಳಿಗೆ ಅಡ್ಡಲಾಗಿ ಒಂದು ಗೆರೆ ಹೊಳೆಯುತ್ತದೆ. ಅದೇ ಬೆಕ್ಕಿನ ಕಣ್ಣಿನಂಥ ಗೆರೆ. ಎಳೆಗಳು ಮಲಗಿದ ಹಾಗೆಯೇ ಕಲ್ಲಿನ ಅಡಿಯನ್ನು ಸಮತಟ್ಟು ಮಾಡಿ, ಮೇಲೆ ಗುಮ್ಮಟದ ಹಾಗೆ ದುಂಡಗೆ ಸಾಣೆ ಹಿಡಿದರೆ ಗೆರೆ ನಡುವೆ ನಿಲ್ಲುತ್ತದೆ. ಅಡಿ ಚೂರು ವಾಲಿದರೂ ಗೆರೆ ಪಕ್ಕಕ್ಕೆ ಜಾರಿಬಿಡುತ್ತದೆ.

"ಎಲ್ಲ ಕಲ್ಲಿನಲ್ಲೂ ಗೆರೆ ಇರುವುದಿಲ್ಲ," ಅಂದರು. "ಈ ಮುಷ್ಟಿಯಲ್ಲಿ ಮೂರೋ ನಾಲ್ಕೋ ಇರಬಹುದು. ನಾನಿನ್ನೂ ಆರಿಸಿಲ್ಲ."

ನಾನು ಇದನ್ನು ಅವ್ವನಿಗೆ ಕನ್ನಡದಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಅವಳು ಬೋಗುಣಿಯ ಮುಂದೆ ಕೂತಾಗಿತ್ತು. ಬೆರಳುಗಳು ನೀರಿನಲ್ಲಿ ಓಡಾಡಿದವು. ಒಂದೊಂದೇ ಕಲ್ಲು ದೀಪದ ಕೆಳಗೆ ಹೋಯಿತು, ಬಂತು. ಹತ್ತು ನಿಮಿಷದಲ್ಲಿ ಮೂರು ಕಲ್ಲುಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟಳು. ಸ್ವಲ್ಪ ಯೋಚನೆ ಮಾಡಿ ನಾಲ್ಕನೆಯದನ್ನೂ ಇಟ್ಟಳು.

ಚೇಚಿ ನಾಲ್ಕನ್ನೂ ನೋಡಿದರು. ಉಳಿದ ಇಡೀ ಮುಷ್ಟಿಯನ್ನೂ ತಾವೇ ಒಂದು ಸಲ ಹುಡುಕಿದರು. ಐದನೆಯದು ಸಿಗಲಿಲ್ಲ.

"ಅಯ್ಯೋ ಎಂಡೆ ಅಮ್ಮೇ!" ಅಂತ ಅವರು ಬಾಯಿಯ ಮೇಲೆ ಕೈಯಿಟ್ಟುಕೊಂಡದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ನಾಲ್ಕರಲ್ಲಿ ದೊಡ್ಡದನ್ನು ನನ್ನ ಉಂಗುರಕ್ಕೆಂದು ಆರಿಸಿದೆವು. ಕೈಯಲ್ಲಿರುವ ಕೆಲಸ ಮುಗಿಸಿ ಒಂದು ತಿಂಗಳಲ್ಲಿ ಕೊಡುತ್ತೇನೆ ಅಂದರು ಚೇಚಿ. ಅವ್ವ ಎದ್ದು ಸೆರಗು ಕೊಡವಿ ಹೊರಡುತ್ತಾಳೆ ಅಂತ ನಾನು ಕಾಯುತ್ತಿದ್ದೆ. ಅವಳು ಏಳಲೇ ಇಲ್ಲ.

"ಸುಜಿ, ಚೇಚವ್ವಗ ಕೇಳು. ನಾನಽ ಕಲತು ಮಾಡ್ತೀನಿ ಅಂದ್ರ ಬಿಡ್ತಾರೇನು ಅಂತ."

"ಅವ್ವಾ, ಇದೇನ್ ಶ್ಯಾವಿಗಿ ಹೊಸಿಯೂ ಕೆಲಸೇನು?"

"ಕೇಳಾಕೇನು? ಬ್ಯಾಡಂದ್ರ ಬರ್ತೀನಿ."

ನಾನು ಕೇಳಿದೆ. ಚೇಚಿ ಅವ್ವನ ಕೈ ಹಿಡಿದು ಬೆರಳುಗಳನ್ನು ಮಡಿಸಿ ಬಿಚ್ಚಿ ನೋಡಿದರು. ತಮ್ಮಲ್ಲಿ ಕಲಿಯಲು ಬಂದವರೆಲ್ಲ ವರ್ಷ ತುಂಬುವ ಮೊದಲೇ ಬಿಟ್ಟುಹೋದರು, ಅವರಿಗೆ ಕೈ ಇತ್ತು, ಕಣ್ಣು ಇರಲಿಲ್ಲ ಅಂದರು. "ಇವರಿಗೆ ಕಣ್ಣಿದೆ. ಕೈಗೆ ನಾನು ಕಲಿಸುತ್ತೇನೆ. ನಾಳೆಯಿಂದ ಬರಲಿ."

ಹೀಗೆ ಅರವತ್ತೊಂದನೆಯ ವಯಸ್ಸಿನಲ್ಲಿ ಅವ್ವ ಸುಮಕ್ಕನ ಮನೆಯಲ್ಲಿ ಉಳಿದಳು. ನಾನೊಬ್ಬಳೇ ಕಳಮಶ್ಶೇರಿಗೆ ವಾಪಸಾದೆ. ಸುಮಕ್ಕನಿಗೆ ಸಂಭ್ರಮವೋ ಸಂಭ್ರಮ. ಅವಳ ಮಕ್ಕಳಿಗೆ ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಲಯಾಳದಲ್ಲೇ ಬರುತ್ತಿತ್ತು. ಮನೆಯಲ್ಲಿ ಕನ್ನಡ ಬಿಟ್ಟರೆ ಬೇರೆ ಮಾತು ಬಾರದ ಒಬ್ಬರು ಇರಲಿ ಅಂತ ಅವಳಿಗೆ ಬಹಳ ದಿನದ ಆಸೆ.

ಮೊದಲ ಮೂರು ವಾರ ಅವ್ವ ಗಾಜಿನ ಚೂರುಗಳ ಮೇಲೆ ಕೈ ಪಳಗಿಸಿದಳು. ಸಂಜೆ ಐದೂವರೆಗೆ ನಾನು ಮೆಟ್ರೋದಲ್ಲಿ ಕೂರುತ್ತಿದ್ದಂತೆ ಫೋನು ಬರುತ್ತಿತ್ತು. ಮೊದಲೆಲ್ಲ ಫೋನಿನಲ್ಲಿ ಅವಳು ಕೇಳುತ್ತಿದ್ದದ್ದು ಎರಡೇ ಪ್ರಶ್ನೆ, ಉಂಡೆಯಾ, ಆ ವರನ ವಿಷಯ ಏನು ಮಾಡಿದೆ. ಈಗ ನನಗೆ ಮಾತಾಡಲು ಅವಕಾಶವೇ ಇಲ್ಲ. ಅರಗು ಹೆಚ್ಚು ಕಾದರೆ ಕಲ್ಲು ಕಡ್ಡಿಯಿಂದ ಬೀಳುತ್ತದೆ, ಕಡಿಮೆ ಕಾದರೆ ವಾಲುತ್ತದೆ. ಚಕ್ರಕ್ಕೆ ನೀರು ಹನಿಯುತ್ತಲೇ ಇರಬೇಕು. ಒಂದು ಉಗುರು ಸವೆದುಹೋಯಿತು. ಚೇಚವ್ವ ಕಟ್ಟನ್ ಚಹಾಕ್ಕೆ ಹಾಲೇ ಹಾಕುವುದಿಲ್ಲ, ಕುಡಿದು ಕುಡಿದು ಅದೇ ರೂಢಿಯಾಯಿತು.

"ಚೇಚವ್ವನ ಮಾತು ತಿಳಿತೈತೇನು ನಿನಗ?"

"ಪತುಕ್ಕೆ ಅಂದ್ರ ಸಾವಕಾಶ. ಮದಿ ಅಂದ್ರ ಸಾಕು. ಮತ್ತೇನ್ ಬೇಕು? ಆಕಿ ಆಕಿ ಭಾಷಾದಾಗ ಬೈತಾಳ, ನಾ ನನ್ನ ಭಾಷಾದಾಗ ಅಂತೀನಿ. ಇಬ್ಬರಿಗೂ ಸಿಟ್ಟು ಬರಂಗಿಲ್ಲ."

ಆ ಫೋನುಗಳಲ್ಲೇ ಒಂದು ದಿನ ಅವಳು ದನಿ ಇಳಿಸಿ ಹೇಳಿದ್ದು ನೆನಪಿದೆ. ಚೇಚವ್ವನ ಗಂಡ ತೀರಿಕೊಂಡು ಹನ್ನೆರಡು ವರ್ಷವಂತೆ. "ಆದ್ರೂ ಮೂಗಿನಾಗ ಬಟ್ಟು ಹಂಗಽ ಐತಿ ನೋಡ. ಯಾರೂ ತಗಿ ಅಂದಿಲ್ಲಂತ." ಅಪ್ಪ ತೀರಿಕೊಂಡ ದಿನ ಅವ್ವನ ಕೆಂಪುಕಲ್ಲಿನ ಮೂಗುಬಟ್ಟನ್ನು ಬಂಧುಗಳ ಪೈಕಿ ಯಾರೋ ತೆಗೆಸಿದ್ದರು. ಅವಳು ಬೇಡ ಅನ್ನಲಿಲ್ಲ. ವರ್ಷವಾದ ಮೇಲೆ ಅದನ್ನು ನನ್ನ ಅತ್ತಿಗೆಗೆ ಕೊಟ್ಟುಬಿಟ್ಟಳು. ಅಪ್ಪ ಹೋದ ಮೇಲಿನ ಎಂಟು ವರ್ಷದಲ್ಲಿ ಅದರ ಬಗ್ಗೆ ಅವಳು ಮಾತೆತ್ತಿದ್ದು ಅವತ್ತೇ ಮೊದಲು. ನಾನು, "ಸ್ಟೇಶನ್ ಬಂತವ್ವಾ," ಅಂತ ಫೋನಿಟ್ಟೆ.

ಜುಲೈ ನಡುವಿನಲ್ಲಿ ನಾನು ಹೋದಾಗ ಗಾಜು ಮುಗಿದು ನಿಜವಾದ ಕಲ್ಲು ಅವಳ ಕೈಗೆ ಬಂದಿತ್ತು. ನನ್ನ ಉಂಗುರದ್ದೇ. ಕರ್ಕಟಕ ಮಾಸದ ಮಳೆ, ಹೆಂಚಿನಿಂದ ನೀರು ಹಗ್ಗದ ಹಾಗೆ ಇಳಿಯುತ್ತಿತ್ತು. ಚೇಚಿ ಒಳಗೆ ಗಂಜಿ ಮಾಡುತ್ತಿದ್ದರು. ಅವ್ವ ಕಲ್ಲಿನ ಅಡಿಯನ್ನು ಸಮ ಮಾಡುತ್ತಾ ಖುಷಿಯಲ್ಲಿದ್ದಳು.

"ಇದು ನಿನ್ನ ಬಟ್ಟಿಗೆ ಬೀಳ್ಲಿ, ದೀಪಾವಳಿಯೊಳಗ ನಿನ್ನ ಮದುವಿ ಆಕ್ಕೈತಿ ನೋಡ. ರಾಣೆಬೆನ್ನೂರಿನವರಿಗೆ ನಿಮ್ಮಣ್ಣ ಫೋಟೋ ಕೊಟ್ಟಾನ. ಹುಡುಗ ಎಂಜಿನಿಯರ್."

"ನನ್ನ ಕೇಳದ ಕೊಟ್ಟ್ರಿ?"

"ನಿನ್ನ ಕೇಳಿದ್ರ ಆಡಿಟ್ ಐತಿ ಅಂತಿ."

ಎಷ್ಟೋ ವರ್ಷ ಜಾರಿಸುತ್ತ ಬಂದ ಮಾತು ಆಗ ಹೊರಗೆ ಬಂತು. ಅದೂ ನಾನು ಅಂದುಕೊಂಡಿದ್ದಕ್ಕಿಂತ ಜೋರಾಗಿ ಬಂತು.

"ಅವ್ವಾ, ನನಗ ಮದುವಿ ಬ್ಯಾಡ. ಕೇತು ಅಡ್ಡ ಬಂದು ನಿಂತಿಲ್ಲ, ನಾನಽ ನಿಂತೀನಿ. ನನಗ ನನ್ನ ಕೆಲಸ ಐತಿ, ಮನಿ ಐತಿ, ನಾ ಛಲೋ ಇದ್ದೀನಿ. ಕಲ್ಲಿನೊಳಗಿನ ಗೆರಿ ಕಾಣ್ತೈತಿ ನಿನಗ, ಎದುರಿಗೆ ನಿಂತ ಮಗಳು ಕಾಣಂಗಿಲ್ಲೇನು?"

ಅವ್ವ ತಲೆಯೆತ್ತಲಿಲ್ಲ. ಚಕ್ರ ತಿರುಗುತ್ತಲೇ ಇತ್ತು. ಚೇಚಿ ಬಾಗಿಲಿಗೆ ಬಂದು ನಮ್ಮಿಬ್ಬರನ್ನೂ ನೋಡಿ ಒಳಗೆ ಹೋದರು. ನಾನು ಗಂಜಿಗೂ ನಿಲ್ಲದೆ ರೈಲು ಹಿಡಿದೆ. ಹೇಳಿದ್ದಕ್ಕೆ ಬೇಸರವಿರಲಿಲ್ಲ, ಹೇಳಿದ ರೀತಿಗೆ ಇತ್ತು.

ಸೋಮವಾರ ಸಂಜೆ ಫೋನು ಬರಲಿಲ್ಲ. ಮಂಗಳವಾರವೂ ಬರಲಿಲ್ಲ. ಬುಧವಾರ ಬೆಳಿಗ್ಗೆ ಬ್ಯಾಂಕಿಗೆ ರಮಣಿ ಚೇಚಿಯ ಫೋನು ಬಂತು.

"ಮೋಳೇ, ಅಮ್ಮನ ಕಲ್ಲಿನ ಗೆರೆ ಪಕ್ಕಕ್ಕೆ ಹೋಗಿದೆ. ಅಡಿ ವಾಲಿದೆ. ಬೆಳಿಗ್ಗೆಯಿಂದ ಹಾಗೇ ಕೂತಿದ್ದಾರೆ. ನನ್ನ ಮಲಯಾಳ ಇದಕ್ಕೆ ಸಾಲುತ್ತಿಲ್ಲ, ನೀನು ಬಾ."

ಅರ್ಧ ದಿನದ ರಜೆ ಹಾಕಿ ಹೋದೆ. ಕರಮನ ತಲುಪುವಾಗ ಸಂಜೆ ನಾಲ್ಕೂವರೆ. ಅವ್ವ ಜಗಲಿಯ ಮೆಟ್ಟಿಲಲ್ಲಿ ಕೂತಿದ್ದಳು, ಅಂಗೈಯಲ್ಲಿ ಕಲ್ಲು. ಪಾಲಿಷು ಕೂಡ ಆಗಿ ಹೊಳೆಯುತ್ತಿತ್ತು. ಗೆರೆಯೂ ಸ್ಪಷ್ಟವಾಗಿಯೇ ಇತ್ತು. ನಡುವೆ ಇರಬೇಕಾದ್ದು ಒಂದು ಅಂಚಿಗೆ ಹೋಗಿ ಕೂತಿತ್ತು, ಓರೆಗಣ್ಣಿನಿಂದ ನೋಡುವ ಬೆಕ್ಕಿನ ಹಾಗೆ.

"ನನ್ನಿಂದ ಆತಲ್ಲವ್ವಾ," ಅಂದೆ. "ಕೆಲಸ ಮಾಡೂ ಹೊತ್ತಿನಾಗ ಅಷ್ಟು ಜೋರ ಮಾತಾಡಬಾರದಾಗಿತ್ತು."

ಅವ್ವ ಕಲ್ಲನ್ನು ನನ್ನ ಕೈಗೆ ಕೊಟ್ಟಳು.

"ನಿನ್ನಿಂದ ಅಲ್ಲ. ನೀ ಬರೂ ಮುಂಚೆನಽ ಅಡಿ ವಾಲಿತ್ತು. ಚೇಚವ್ವ ದಿನಾ ಹೇಳ್ತಿದ್ಲು, ಕಲ್ಲು ನೋಡು, ಕಲ್ಲು ನೋಡು ಅಂತ. ನಾ ಕಲ್ಲು ನೋಡಲೇ ಇಲ್ಲ. ಮದುವಿ ಮಂಟಪ ನೋಡ್ತಿದ್ದೆ." ನನ್ನ ಮುಖ ನೋಡದೆ ಕೇಳಿದಳು, "ಖರೇನಽ ಛಲೋ ಇದ್ದೀಯೇನ ಸುಜಿ? ನನಗ ಸಮಾಧಾನ ಆಗ್ಲಿ ಅಂತ ಹೇಳಬ್ಯಾಡ."

"ಖರೇನಽ ಇದ್ದೀನಿ."

"ಈಜಾಕ ಹೋಗ್ತಿ ಅಂತಲ್ಲ, ಸುಮಾ ಹೇಳಿದ್ಲು. ನನಗ ಹೇಳಿಲ್ಲ ನೀ."

"ಬೈತಿ ಅಂತ ಹೇಳಿಲ್ಲ."

"ಈ ವಯಸ್ಸಿನಾಗ ನಾ ಸಾಣಿ ಹಿಡಿಯಾಕ ಕುಂತೀನಿ, ನಾ ನಿನಗ ಏನ್ ಬೈಲಿ?" ಅಂತ ಅವಳು ನಕ್ಕಾಗ ಮೂಗು ಒರೆಸಿಕೊಂಡದ್ದನ್ನು ನಾನು ನೋಡಿಯೂ ನೋಡದ ಹಾಗೆ ಇದ್ದೆ.

ಚೇಚಿ ಮೂರು ಲೋಟ ಕಟ್ಟನ್ ತಂದರು. ಕಲ್ಲನ್ನು ಮತ್ತೆ ಸಾಣೆ ಹಿಡಿದು ಅಡಿ ಸರಿಮಾಡಬಹುದು, ಅದಕ್ಕೆ ಬಹಳಷ್ಟು ಸವೆಸಬೇಕಾಗುತ್ತದೆ, ಬೇಕಿದ್ದರೆ ನಾನೇ ಮಾಡಿಕೊಡುತ್ತೇನೆ ಅಂದರು. ಅವ್ವ ತಲೆ ಅಲ್ಲಾಡಿಸಿದಳು. ಕೆಡಿಸಿದವಳೇ ಸರಿಮಾಡಬೇಕು ಅನ್ನುವುದು ಅವಳ ವಾದ. ನಾನು ಅನುವಾದ ಮಾಡುವ ಮೊದಲೇ ಚೇಚಿಗೆ ಅರ್ಥವಾಗಿ ಹೊಸ ಕಡ್ಡಿಯೊಂದನ್ನು ಅವಳ ಮುಂದಿಟ್ಟರು.

ಇನ್ನುಳಿದ ಮಳೆಗಾಲವೆಲ್ಲ ಆ ಒಂದು ಕಲ್ಲಿಗೆ ಹೋಯಿತು. ನಾನು ಬಿಡುವಿದ್ದ ಶನಿವಾರಗಳಲ್ಲಿ ಹೋಗಿ ಜಗಲಿಯಲ್ಲಿ ಕೂರುತ್ತಿದ್ದೆ. ಇಬ್ಬರು ಹೆಂಗಸರು ಎರಡು ಚಕ್ರಗಳ ಮುಂದೆ, ಎರಡು ಭಾಷೆಗಳಲ್ಲಿ, ಮಳೆಗೆ ಕೇಳಿಸದೇ ಹೋದದ್ದನ್ನು ಮತ್ತೊಮ್ಮೆ ಗಟ್ಟಿಯಾಗಿ ಹೇಳುತ್ತಾ ಕೆಲಸ ಮಾಡುತ್ತಿದ್ದರು. ಅಡಿ ಸರಿಮಾಡುವಾಗ ಕಲ್ಲಿನೊಳಗೆ ಒಂದು ಸೀಳು ಕಂಡಿತು. ಆ ಭಾಗವನ್ನೂ ಪೂರಾ ತೆಗೆಯಬೇಕಾಯಿತು. ನಾನು ಅಯ್ಯೋ ಅಂದೆ. ಅವ್ವ, "ಇದ್ದದ್ದು ಕಂಡ್ತಲ್ಲ, ಛಲೋ ಆತು," ಅಂದಳು. ರಾಣೆಬೆನ್ನೂರಿನವರ ಸುದ್ದಿ ಮತ್ತೆ ಬರಲಿಲ್ಲ. ಅಣ್ಣನಿಗೆ ಅವಳೇ ಫೋನು ಮಾಡಿ ಫೋಟೋ ವಾಪಸು ತರಿಸಿದ್ದಾಳೆ ಅಂತ ನನಗೆ ಆಮೇಲೆ ತಿಳಿಯಿತು.

ಓಣಂಗೆ ನಾಲ್ಕು ದಿನ ಇರುವಾಗ ಮಳೆ ಬಿಟ್ಟು ಬಿಸಿಲು ಬಿತ್ತು. ಎಲ್ಲರ ಅಂಗಳದಲ್ಲೂ ಹೂವಿನ ರಂಗೋಲಿ. ನಾನು ರಜೆ ಹಾಕಿ ಹೋಗಿದ್ದೆ. ಮರದ ಚಕ್ರದ ಮೇಲೆ ವಜ್ರದ ಪುಡಿ ಹಚ್ಚಿ ಕೊನೆಯ ಪಾಲಿಷು ಮುಗಿಸಿದ ಅವ್ವ, ಕಡ್ಡಿಯನ್ನು ಬಿಸಿ ಮಾಡಿ ಕಲ್ಲು ಬಿಡಿಸಿದಳು, ಸೆರಗಿನಿಂದ ಒರೆಸಿದಳು. ದೀಪದ ಕೆಳಗೆ ನೋಡಲಿಲ್ಲ. ಎದ್ದು ಹಿತ್ತಲಿಗೆ ಹೋಗಿ ಬಿಸಿಲಿನಲ್ಲಿ ಅಂಗೈ ಚಾಚಿದಳು. ಚೇಚಿಯೂ ನಾನೂ ಎರಡು ಕಡೆಯಿಂದ ಬಗ್ಗಿದೆವು.

ತೊಗರಿ ಕಾಳಿನಷ್ಟು ಕಲ್ಲು. ಜೇನಿನ ಬಣ್ಣ. ನಟ್ಟನಡುವೆ ಒಂದು ಗೆರೆ, ಎಳೆದು ಬಿಟ್ಟ ಹಾಲಿನ ಎಳೆಯಂಥದ್ದು. ಅವ್ವ ಅಂಗೈ ವಾಲಿಸಿದಾಗ ಗೆರೆ ಮೆಲ್ಲಗೆ ಸರಿಯಿತು, ಸಮ ಮಾಡಿದಾಗ ನಡುವಿಗೆ ಬಂದು ನಿಂತಿತು. ಮೂವರೂ ಉಸಿರು ಬಿಟ್ಟೆವು. ಚೇಚಿ ಅವ್ವನ ಬೆನ್ನಿಗೆ ಹೊಡೆದ ರಭಸಕ್ಕೆ ಕಲ್ಲು ಹುಲ್ಲಿಗೆ ಬಿದ್ದು, ಮೂವರೂ ಮೊಣಕಾಲೂರಿ ಹುಡುಕಬೇಕಾಯಿತು. ಸಿಕ್ಕಿದ್ದು ಅವ್ವನ ಕೈಗೇ.

ತೂಗಿದರೆ ಒಂದು ರತ್ತಿಯೂ ಪೂರ್ತಿ ಬರಲಿಲ್ಲ.

"ನಿನ್ನ ಉಂಗುರಕ್ಕ ಆಗಂಗಿಲ್ಲ ಇದು," ಅಂದಳು ಅವ್ವ. ಬೇಸರದ ದನಿಯೇನೂ ಅಲ್ಲ. "ಕಿವಿಗೆ ಹಾಕ್ಕೊಂತೀಯೇನು? ಇನ್ನೊಂದು ಜೋಡಿ ಮಾಡ್ತೀನಿ."

ಚೇಚಿ ಕಲ್ಲನ್ನು ಎರಡು ಬೆರಳಲ್ಲಿ ಹಿಡಿದು ಅವ್ವನ ಮೂಗಿನ ಪಕ್ಕಕ್ಕೆ ತಂದರು. "ಮೂಕ್ಕುತ್ತಿ," ಅಂದರು. ಮೂಗುತಿ. ಅದಕ್ಕೆ ಅನುವಾದ ಬೇಕಿರಲಿಲ್ಲ.

ಅವ್ವ ಥಟ್ಟನೆ ಹಿಂದೆ ಸರಿದಳು. "ಏ, ಬ್ಯಾಡ ಚೇಚವ್ವಾ. ನಮ್ಮ ಕಡೆ ಹಂಗೆಲ್ಲ ಇಲ್ಲ."

ಚೇಚಿ ನನ್ನ ಕಡೆ ನೋಡಿದರು. ನಾನು ಒಡವೆ ಅಂದರೆ ಉದಾಸೀನ ಮಾಡುವವಳು, ಕೈಗೆ ಗಡಿಯಾರ ಬಿಟ್ಟು ಬೇರೇನೂ ಕಟ್ಟಿದವಳಲ್ಲ. ಆದರೆ ಚೇಚಿಯ ಬೆರಳ ತುದಿಯಲ್ಲಿ ಆ ಕಲ್ಲು ಅವ್ವನ ಗೋಧಿ ಬಣ್ಣದ ಮುಖದ ಪಕ್ಕ ಒಂದು ಗಳಿಗೆ ನಿಂತಿತ್ತಲ್ಲ, ಅಷ್ಟರಲ್ಲೇ ಅಪ್ಪ ಇದ್ದ ದಿನಗಳ ಅವ್ವ ಕಂಡುಹೋಗಿದ್ದಳು. ಜಾತ್ರೆಗೆ ಹೊರಟಾಗ ಕನ್ನಡಿಯಲ್ಲಿ ಎರಡೆರಡು ಸಲ ನೋಡಿಕೊಳ್ಳುತ್ತಿದ್ದ ಅವ್ವ.

"ಹಾಕ್ಕೋ ಅವ್ವಾ," ಅಂದೆ.

"ಜನಾ ಏನಂತಾರ?"

"ಕಲ್ಲು ಆರಿಸಿದಾಕಿ ನೀನು, ಸಾಣಿ ಹಿಡದಾಕಿ ನೀನು, ಕೆಡಿಸಿದಾಕಿನೂ ನೀನಽ. ಜನರದ್ದು ಇದರಾಗ ಏನೈತಿ?"

ಅವಳು ಕಲ್ಲನ್ನು ಚೇಚಿಯಿಂದ ಇಸಕೊಂಡು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಸುಮಕ್ಕನ ಮನೆಗೆ ಹೋದಳು. ಮರುದಿನ ಬೆಳಿಗ್ಗೆ ನಾನು ಹಲ್ಲುಜ್ಜುತ್ತಿದ್ದಾಗ ಸ್ನಾನ ಮುಗಿಸಿ ಬಂದು ಹಿಂದೆ ನಿಂತಳು. "ಅಕ್ಕಸಾಲಿ ಅಂಗಡಿ ಎಷ್ಟಕ್ಕ ತಗಿತೈತಿ ಕೇಳ ಸುಮಾಗ," ಅಂದಳು.

ಚಾಲೆ ಬಜಾರಿನಲ್ಲಿ ಚೇಚಿಗೆ ಗೊತ್ತಿದ್ದ ಅಕ್ಕಸಾಲಿಗ ಸುತ್ತ ಸಣ್ಣ ಚಿನ್ನದ ಕಟ್ಟು ಹಾಕಿ ಎರಡೇ ದಿನದಲ್ಲಿ ಕೊಟ್ಟ. ಮೂಗಿನ ತೂತು ಅರ್ಧ ಮುಚ್ಚಿಹೋಗಿತ್ತು. ಓಣಂ ದಿನ ಚೇಚಿ ಕೊಬ್ಬರಿ ಎಣ್ಣೆ ಸವರಿ, "ಪತುಕ್ಕೆ, ಪತುಕ್ಕೆ" ಅನ್ನುತ್ತಾ ಮೂಗುಬಟ್ಟು ಏರಿಸಿದರು. ಅವ್ವ ನನ್ನ ಕೈ ಎಷ್ಟು ಗಟ್ಟಿಯಾಗಿ ಹಿಡಿದಿದ್ದಳೆಂದರೆ ಬಾಳೆಲೆಯ ಮುಂದೆ ಕೂತಾಗಲೂ ಬೆರಳಿನ ಗುರುತು ಹೋಗಿರಲಿಲ್ಲ. ಅವತ್ತಿನ ಊಟದಲ್ಲಿ ಅವಳು ಮೂರು ಸಲ ಪಾಯಸ ಹಾಕಿಸಿಕೊಂಡಳು. ಚೇಚಿಯ ಕನ್ನಡಿ ಜಗಲಿಗೆ ಬಂದು ಅಲ್ಲೇ ಗೋಡೆಗೆ ಒರಗಿತ್ತು, ಸಂಜೆಯವರೆಗೆ ಯಾರೂ ಅದನ್ನು ಒಳಗೆ ಇಡಲಿಲ್ಲ.

ಅದಾದ ಮೇಲೆ ಪ್ರತಿ ಮಳೆಗಾಲ ಎರಡು ತಿಂಗಳು ಅವ್ವ ಕರಮನಕ್ಕೆ ಹೋಗುತ್ತಾಳೆ. ನನಗೆ ವರ್ಗವಾಗಿ ಗದಗಿಗೆ ಬಂದರೂ ಅವಳ ಪ್ರಯಾಣ ನಿಂತಿಲ್ಲ. ಕಚ್ಚಾ ಕಲ್ಲು ಆರಿಸಲು ಚೇಚಿ ಅವಳಿಗಾಗಿ ಕಾಯುತ್ತಾರೆ. ನನಗೆ ಇನ್ನೂ ಮದುವೆಯಾಗಿಲ್ಲ. ಅದು ನಮ್ಮಿಬ್ಬರ ನಡುವಿನ ಮಾತಾಗಿ ಉಳಿದಿಲ್ಲ.

ಆ ವರ್ಷ ಓಣಂ ಮುಗಿಸಿ ನಾವಿಬ್ಬರೂ ನೇರವಾಗಿ ಹಾವೇರಿಗೆ ಹೋಗಬೇಕಾಯಿತು. ಬಳಗದಲ್ಲಿ ಒಂದು ಮದುವೆಯಿತ್ತು. ರೈಲಿನಲ್ಲಿ ದಾರಿಯುದ್ದಕ್ಕೂ ಅವ್ವನ ಕೈ ಆಗಾಗ ಮೂಗಿಗೆ ಹೋಗುತ್ತಿತ್ತು. ಒಂದೆರಡು ಸಲ ತೆಗೆದೇಬಿಡುತ್ತಾಳೆ ಅನ್ನಿಸಿತು. ನಾನು ಕಿಟಕಿಯ ಹೊರಗೆ ನೋಡುತ್ತಾ ಕೂತೆ. ಕಲ್ಯಾಣ ಮಂಟಪದ ಬಾಗಿಲಲ್ಲಿ ಅವಳು ಸೆರಗು ಸರಿಮಾಡಿಕೊಂಡು, ಉಸಿರೆಳೆದುಕೊಂಡು ಒಳ ನಡೆದಳು. ಜಮಖಾನದ ಮೇಲೆ ಕೂತಿದ್ದ ಹೆಂಗಸರೆಲ್ಲ ಅವಳ ಕಡೆ ತಿರುಗಿದರು. ಎಲ್ಲರಿಗಿಂತ ಹಿರಿಯಳಾದ ದೊಡ್ಡವ್ವ, ಸುಮಕ್ಕನ ತಾಯಿ, ಕನ್ನಡಕ ಏರಿಸಿ ಅವ್ವನ ಮುಖವನ್ನು ಬಗ್ಗಿ ನೋಡಿದಳು.

"ಇದೇನ ಗಿರಿಜಾ, ಮೂಗಿನಾಗ? ಯಾರು ಹೇಳಿದ್ರು ಹಾಕ್ಕೊಳ್ಳಾಕ?"

ನಾನು ಏನಾದರೂ ಹೇಳಲು ಬಾಯಿ ತೆರೆದೆ. ಅವ್ವ ನನ್ನ ಮೊಣಕೈ ಒತ್ತಿ ಸುಮ್ಮನಿರಿಸಿದಳು.

"ಯಾರೂ ಹೇಳಿಲ್ಲಕ್ಕಾ. ನಾನಽ ಮಾಡೀನಿ. ಚೆಂದ ಕಂಡ್ತು, ಹಾಕ್ಕೊಂಡೆ."

ದೊಡ್ಡವ್ವ ಇನ್ನೂ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಪಕ್ಕಕ್ಕೆ ಸರಿದು ಅವ್ವನಿಗೆ ಕೂರಲು ಜಾಗ ಮಾಡಿ, "ನಡುವ ಏನೋ ಹೊಳಿಯಾಕತ್ತೈತಲ್ಲ, ಅದೇನ ತೋರಸ ಇಲ್ಲೆ," ಅಂದಳು. ಅತ್ತಿಗೆ ಎದ್ದು ಬಂದಳು, ಅವಳ ಹಿಂದೆ ಇನ್ನಿಬ್ಬರು ಸೊಸೆಯರು ಬಂದರು. ಅವ್ವ ಮಂಟಪದ ದೊಡ್ಡ ದೀಪದ ಕಡೆ ಮುಖ ಎತ್ತಿ, ಗೆರೆ ಸರಿಯುವುದು ಎಲ್ಲರಿಗೂ ಕಾಣಲಿ ಅಂತ ನಿಧಾನವಾಗಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗುತ್ತಾ ಕೂತಳು. ಅಕ್ಕಿಕಾಳು ಹಾಕುವ ಹೊತ್ತಾಯಿತು ಅಂತ ಯಾರೋ ಕೂಗಿದರೂ ಆ ಗುಂಪು ಚದುರಲಿಲ್ಲ.